ಕಿಟಕಿಯ ಘಟ್ಟ

ಲೀಡ್ಸ್, ಇಂಗ್ಲೆಂಡ್
೮ ಸೆಪ್ಟೆಂಬರ್ ೧೯೫೬

ತಂಗಿ ರಾಯಿಗೆ, ಅಣ್ಣ ಜಟ್ಟೆಪ್ಪನ ಆಶೀರ್ವಾದ.

ನಾನು ಕ್ಷೇಮ. ಈ ಸಾಲನ್ನು ಅವ್ವನಿಗೆ ಎರಡು ಸಲ ಓದು, ಒಂದು ಸಲ ಓದಿದರೆ ಅವಳು ನಂಬುವವಳಲ್ಲ.

ಮಿಸೆಸ್ ಕ್ಲೆಗ್ ಎಂಬ ವಿಧವೆಯ ಮನೆಯಲ್ಲಿ, ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ನನ್ನ ರೂಮು. ಕಿಟಕಿ ತೆರೆದರೆ ಗಿರಣಿಗಳ ಚಿಮಣಿ. ಅಪ್ಪನಿಗೆ ಹೇಳು: ಬೈಲಹೊಂಗಲದ ಹತ್ತಿ ಜಿನ್ನಿನಲ್ಲಿ ಅವನ ಮೀಸೆಯ ಮೇಲೆ ಕೂರುವ ಅರಳೆಯ ಧೂಳು ಬೆಳ್ಳಗೆ, ಇಲ್ಲಿ ನನ್ನ ಕಾಲರಿನ ಮೇಲೆ ಕೂರುವುದು ಕರ್ರಗೆ. ಟೆಕ್ಸ್‌ಟೈಲ್ ಕ್ಲಾಸುಗಳು ಇನ್ನೂ ಶುರುವಾಗಿಲ್ಲ. ಹೊರದೇಶದವರಿಗೆಂದು ಮೊದಲೇ ಒಂದು ಇಂಗ್ಲಿಷ್ ಕ್ಲಾಸು ಇಟ್ಟಿದ್ದಾರೆ. ಧಾರವಾಡದ ಹಾಸ್ಟೆಲಿನಲ್ಲಿ ನಾನೇ ಇಂಗ್ಲಿಷಿನ ಹುಲಿ ಎಂದುಕೊಂಡಿದ್ದೆ. ಇಲ್ಲಿ ಬಸ್ ಕಂಡಕ್ಟರ್ ಏನು ಕೇಳಿದರೂ "ಯೆಸ್" ಅನ್ನುತ್ತೇನೆ, ಅವನು ಇನ್ನೆಲ್ಲೋ ಇಳಿಸುತ್ತಾನೆ. ನನ್ನ ಕನ್ನಡವೂ ಅರ್ಧ, ಇಂಗ್ಲಿಷೂ ಅರ್ಧ ಎಂಬುದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

ಈಗ ಬರೆಯುವುದನ್ನು ಅವ್ವ ಹತ್ತಿರ ಕುಳಿತು ಕೇಳಲಿ. ನನ್ನ ಎದುರು ರೂಮಿನಲ್ಲಿ ಮಿಸ್ಟರ್ ಹೋಲ್ಡನ್ ಅಂತ ಒಬ್ಬ ಮುದುಕರಿದ್ದಾರೆ, ಮೊದಲು ಟ್ರ್ಯಾಮ್ ಓಡಿಸುತ್ತಿದ್ದವರು. ಭಾನುವಾರ ಚಹಕ್ಕೆ ಕರೆದರು. ಹೋಗಿ ನೋಡುತ್ತೇನೆ, ಕಿಟಕಿಯ ಕಟ್ಟೆಯ ಮೇಲೆ ಒಂದು ತಗಡಿನ ತಾಟು, ತಾಟಿನ ತುಂಬ ಮಣ್ಣು, ಮಣ್ಣಿನ ತುಂಬ ಗೋಧಿಯ ಸಸಿ! ನವರಾತ್ರಿಯಲ್ಲಿ ಅವ್ವ ಮೂಲೆಯಲ್ಲಿ ಎಲೆಯ ಮೇಲೆ ಮಣ್ಣು ಹರವಿ, ನಡುವೆ ಕೊಡ ಇಟ್ಟು, ಗೋಧಿ ಚೆಲ್ಲಿ ಹಾಕುವ ಘಟ್ಟವೇ ಎದ್ದು ಬಂದ ಹಾಗೆ. ನಾನು ಬೂಟು ಬಿಚ್ಚಿದೆ. ಯಾಕೆ ಬಿಚ್ಚಿದೆ ಅಂತ ನನಗೂ ತಿಳಿಯಲಿಲ್ಲ. ಮುದುಕರು ನನ್ನ ಹರಿದ ಕಾಲುಚೀಲ ನೋಡಿ ನಕ್ಕರು.

ಆಮೇಲೆ ಅವರು ಕತ್ತರಿ ತೆಗೆದುಕೊಂಡು ಸಸಿಗಳನ್ನು ಬುಡದವರೆಗೆ ಕಚಕಚ ಕತ್ತರಿಸಿಬಿಟ್ಟರು. ಬಾಟಲಿಯನ್ನು ಲಟ್ಟಣಿಗೆಯಂತೆ ಹೊರಳಿಸಿ ಅರೆದು, ಬಟ್ಟೆಯಲ್ಲಿ ಹಿಂಡಿ, ಒಂದು ಸಣ್ಣ ಗ್ಲಾಸಿನಷ್ಟು ಹಸಿರು ರಸ ತೆಗೆದು ನನ್ನ ಕೈಗೆ ಕೊಟ್ಟರು. ಮೈಗೆ ಶಕ್ತಿ ಬರುತ್ತದಂತೆ. ಯುದ್ಧಕಾಲದಲ್ಲಿ ಊಟದ ತತ್ವಾರವಿದ್ದಾಗ ಕಲಿತದ್ದಂತೆ. ಕುಡಿದೆ. ಕೊತ್ತಂಬರಿಯ ದಂಟು ಹಿಂಡಿದ ಹಾಗಿತ್ತು. ಈಗ ನಾನೂ ಒಂದು ತಾಟು ಹಾಕಿದ್ದೇನೆ. ಗೋಧಿ ಸಿಕ್ಕಿದ್ದು ಕೋಳಿಗೆ ಕಾಳು ಮಾರುವ ಅಂಗಡಿಯಲ್ಲಿ.

ನಿನ್ನ ಅಣ್ಣ,
ಜಟ್ಟೆಪ್ಪ

ರಾಯಿ, ಈ ಹಾಳೆ ನಿನಗೊಬ್ಬಳಿಗೆ. ಇದನ್ನು ಅವ್ವ ಅಪ್ಪನ ಮುಂದೆ ಓದಬೇಡ.

ಬಂದ ವಾರದಲ್ಲೇ ಎಲ್ಲರಿಗೂ ಡಾಕ್ಟರ ತಪಾಸಣೆ ಆಯಿತು. ನನ್ನ ರಕ್ತ ನೋಡಿದ ಡಾಕ್ಟರು ಇನ್ನೊಮ್ಮೆ ತೆಗೆಸಿದರು. ಇರಬೇಕಾದದ್ದರ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. "ಎಷ್ಟು ವರ್ಷದಿಂದ ಹೀಗೆ ಏದುಸಿರು?" ಎಂದು ಕೇಳಿದರು. ಮೆಟ್ಟಿಲು ಹತ್ತಿದರೆ ಎಲ್ಲರಿಗೂ ಕಣ್ಣು ಕತ್ತಲೆ ಬರುತ್ತದೆ ಎಂದೇ ನಾನು ತಿಳಿದಿದ್ದೆ. ಕಬ್ಬಿಣದ ಗುಳಿಗೆ ಕೊಟ್ಟಿದ್ದಾರೆ. ಜನವರಿಯಲ್ಲಿ ಮತ್ತೆ ರಕ್ತ ನೋಡುತ್ತಾರೆ. ಏರಿರದಿದ್ದರೆ ಓದು ಬಿಡಿಸಿ ಊರಿಗೆ ಕಳಿಸುತ್ತಾರೆ. ನಮ್ಮ ಕೇರಿಯಿಂದ ಸ್ಕಾಲರ್‌ಶಿಪ್ ಸಿಕ್ಕು ವಿಲಾಯಿತಿಗೆ ಬಂದವನು ನಾನೊಬ್ಬ. ಅಪ್ಪ ಜಿನ್ನಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡಿದ್ದಾನೆ. ರಕ್ತವಿಲ್ಲ ಅಂತ ತಿರುಗಿ ಬಂದರೆ ಅವನು ಏನು ಹೇಳಬೇಕು? ಅವ್ವನಿಗಂತೂ ತಿಳಿಯಲೇಬಾರದು.

&nbsp;

ಬೈಲಹೊಂಗಲ
೨೦ ಸೆಪ್ಟೆಂಬರ್ ೧೯೫೬

ಅಣ್ಣನಿಗೆ ರಾಯವ್ವನ ಸಾಷ್ಟಾಂಗ ನಮಸ್ಕಾರ.

ನಿನ್ನ ಕಾಗದ ಮುಟ್ಟಿತು. "ನಾನು ಕ್ಷೇಮ" ಎಂಬುದನ್ನು ಎರಡು ಸಲ ಓದಿದೆ. ಅವ್ವ ಮೂರನೆಯ ಸಲ ಓದಿಸಿದಳು.

ಬೂಟು ಬಿಚ್ಚಿದ್ದು ಕೇಳಿ ಅಪ್ಪ ಬಿದ್ದು ಬಿದ್ದು ನಕ್ಕ. ಕತ್ತರಿಯ ಮಾತು ಬಂದಾಗ ಅವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು.

"ಘಟ್ಟದ ಸಸಿಗೆ ಕತ್ತರಿ ಹಚ್ಚಿದ್ರ?"

"ಘಟ್ಟ ಅಲ್ಲಬೇ, ತಗಡಿನ ತಾಟ ಅದು," ಎಂದೆ.

"ಮಣ್ಣಾಗ ಗೋದಿ ಬಿತ್ತಿ ಮನ್ಯಾಗ ಇಟ್ಟ ಮ್ಯಾಲ ಘಟ್ಟನ. ಕುಡದ್ನಂತ?"

"ಕುಡದಾನ."

"ತಾನಽ ಕುಡದ್ನ, ಆ ಮುದುಕ ಒತ್ತಿ ಕುಡಿಸಿದ್ನ? ಹ್ಯಾಂಗಿತ್ತಂತ? ಇನ್ನೊಮ್ಮಿ ಓದು."

ಕೊತ್ತಂಬರಿಯ ದಂಟಿನ ಸಾಲು ಇನ್ನೊಮ್ಮೆ ಓದಿದೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ನಿನ್ನ ಇನ್ನೊಂದು ಹಾಳೆಯನ್ನು ನನ್ನ ಭೂಗೋಳದ ಪುಸ್ತಕದಲ್ಲಿ ಇಟ್ಟಿದ್ದೇನೆ. ಆ ಪುಸ್ತಕ ತೆರೆಯುವುದಕ್ಕೇ ಈಗ ಭಯ.

ಮನೆಯಲ್ಲಿ ಬೇರೆ ಜಗಳ ನಡೆದಿದೆ. ಬಾಬಾಸಾಹೇಬರು ದಸರೆಯ ದಿನ ನಾಗಪುರದಲ್ಲಿ ಬೌದ್ಧ ಧರ್ಮ ತೆಗೆದುಕೊಳ್ಳುತ್ತಾರಂತೆ. ಬೆಳಗಾವಿಯಿಂದ ಹೊರಡುವವರ ಜೊತೆ ಅಪ್ಪನೂ ಹೋಗುತ್ತಾನೆ. ಬಿಳಿ ಅಂಗಿ, ಬಿಳಿ ಧೋತರ ಹೊಲಿಸಿ ಇಟ್ಟಿದ್ದಾನೆ. "ಈ ವರ್ಷ ಘಟ್ಟ ಹಾಕೂದ ಬ್ಯಾಡ," ಅಂದ.

"ನೀ ಹೋಗಿ ಬಾ, ನಾ ಏನ ತಡದೇನಿ?" ಅಂದಳು ಅವ್ವ. "ನನ್ನ ದೇವಿ ನನ್ನ ಮೂಲ್ಯಾಗ ಇರತಾಳ."

"ನಿನ್ನ ತವರೂರ ಹೂಲ್ಯಾಗ ಅಷ್ಟ ಗುಡಿ ಅದಾವ, ಹುಟ್ಟಿದಾಗಿಂದ ಒಂದರಾಗರ ಒಳಗ ಹೋಗೀಯೇನ? ಗುಡಿಯೊಳಗ ನಿನ್ನ ಬಿಡಲಾರದ ದೇವಿ ನಿನ್ನ ಮೂಲಿಗೆ ಬರತಾಳ?"

"ಅದಕ್ಕಽ ಬರತಾಳ. ಅಲ್ಲಿ ಪೂಜಾರಿ ಆಕಿನ್ನ ಹೊರಗ ಬಿಡೂದಿಲ್ಲ, ನನ್ನ ಒಳಗ ಬಿಡೂದಿಲ್ಲ."

ಅಪ್ಪನಿಗೆ ನಗು ಬಂತು, ಆದರೆ ನಗಲಿಲ್ಲ. ಕಡೆಗೆ ಹೀಗೆ ಒಪ್ಪಂದವಾಗಿದೆ: ಅವ್ವ ಘಟ್ಟ ಹಾಕಬಹುದು. ಅಪ್ಪ ಈ ವರ್ಷದಿಂದ ಆ ಸಸಿಯನ್ನು ತಲೆಗೆ ಸುತ್ತುವ ಪಟಗಾದಲ್ಲಿ ಸಿಗಿಸಿಕೊಳ್ಳುವುದಿಲ್ಲ. ನಿನಗೆ ನೆನಪಿದೆಯೇ, ಪ್ರತಿ ದಸರೆ ಮುಗಿದ ಮೇಲೆ ಅಪ್ಪ ಪಟಗಾದಲ್ಲಿ ಸಸಿ ಸಿಗಿಸಿಕೊಂಡು ನಿನ್ನ ಹಾಸ್ಟೆಲಿಗೆ ಬರುತ್ತಿದ್ದ?

ನಿನ್ನ ತಂಗಿ,
ರಾಯವ್ವ

&nbsp;

ಲೀಡ್ಸ್
೨೯ ಸೆಪ್ಟೆಂಬರ್ ೧೯೫೬

ರಾಯಿಗೆ ಆಶೀರ್ವಾದ.

ನೆನಪಿಲ್ಲದೆ ಏನು? ಊರಿಗೆ ಬಂದು ಹೋಗಲು ಹಾಸ್ಟೆಲಿನ ದಸರೆಯ ರಜೆ ಸಾಲುತ್ತಿರಲಿಲ್ಲ. ಅಪ್ಪ ಬರುವ ಹೊತ್ತಿಗೆ ಸಸಿ ಬಾಡಿ ನೂಲಿನಂತೆ ಆಗಿರುತ್ತಿತ್ತು. ಆದರೂ ಅದನ್ನು ನನ್ನ ಟೊಪ್ಪಿಗೆಯ ಮಡಿಕೆಯಲ್ಲಿ ಇಟ್ಟುಕೊಂಡು ಮಲಗುತ್ತಿದ್ದೆ. ಏಳು ವರ್ಷಕ್ಕೆ ಹಾಸ್ಟೆಲ್ ಸೇರಿದವನು ನಾನು, ಘಟ್ಟ ಹಾಕುವುದನ್ನು ಸರಿಯಾಗಿ ನೋಡಿದ್ದೇ ಕಡಿಮೆ.

ಅವ್ವನಿಗೆ ಹೇಳು, ಇಲ್ಲಿ ಇದನ್ನು ಎಲ್ಲರೂ ಕುಡಿಯುತ್ತಾರೆ. ಚಹ ಇದ್ದ ಹಾಗೆ. ನಾನು ಶಕ್ತಿಗೆಂದು ಕುಡಿಯುತ್ತೇನೆ, ಬೇರೆ ಏನಿಲ್ಲ. ಈಗ ನನ್ನ ಕೈ ಪಳಗಿದೆ. ರಾತ್ರಿ ಗೋಧಿ ನೆನೆಹಾಕಿ, ಮರುದಿನ ಒದ್ದೆ ಕರವಸ್ತ್ರದಲ್ಲಿ ಕಟ್ಟಿ, ಬಿಳಿ ಮೊಳಕೆ ಮೂತಿ ತೋರಿಸಿದ ಮೇಲೆ ಮಣ್ಣಿನ ಮೇಲೆ ಒತ್ತೊತ್ತಾಗಿ ಹರವುತ್ತೇನೆ. ಮೊದಲು ನ್ಯೂಸ್‌ಪೇಪರು ಮುಚ್ಚಿ, ಆಮೇಲೆ ಕಿಟಕಿಗೆ. ಗೇಣುದ್ದ ಬೆಳೆದಾಗ ಕೊಯ್ಲು. ಮಿಸೆಸ್ ಕ್ಲೆಗ್‌ರ ಮಾಂಸ ಅರೆಯುವ ಯಂತ್ರ ಕೇಳಿದೆ. "ನನ್ನ ಯಂತ್ರದಲ್ಲಿ ಹುಲ್ಲೇ? ನೀನೇನು ದನವೇ?" ಎಂದರು. ಹಾಗಾಗಿ ನನಗೂ ಬಾಟಲಿಯೇ ಗತಿ.

ಇನ್ನೊಂದು ಮಾತು. ಅವ್ವನ ಘಟ್ಟದ ಸಸಿ ಯಾವಾಗಲೂ ಹಳದಿ ಇರುತ್ತಿತ್ತಲ್ಲ, ಬಂಗಾರದಂಥ ಸಸಿ ಅಂತ ಅವಳು ಹಿಗ್ಗುತ್ತಿದ್ದಳಲ್ಲ. ಅದು ತಪ್ಪಂತೆ. ಬೆಳಕು ಕಾಣದ್ದರಿಂದ ಹಳದಿ. ಮಿಸ್ಟರ್ ಹೋಲ್ಡನ್ ಹೇಳುತ್ತಾರೆ, ಹಸಿರೇ ಸಸಿಯ ರಕ್ತ, ಹಳದಿ ಸಸಿಯೆಂದರೆ ರಕ್ತವಿಲ್ಲದ ರೋಗಿಷ್ಟ ಸಸಿ. ಅವ್ವ ಬುಟ್ಟಿ ಮುಚ್ಚಿ ಕತ್ತಲೆಯಲ್ಲಿ ಇಡುವುದನ್ನು ಬಿಟ್ಟು ಒಮ್ಮೆ ಬಿಸಿಲಿಗೆ ಇಟ್ಟು ನೋಡಲಿ. ಅಪ್ಪ ಹೇಳುವುದರಲ್ಲಿಯೂ ಅರ್ಥವಿದೆ. ಇದರಲ್ಲಿ ದೇವಿ ಎಲ್ಲಿದ್ದಾಳೆ? ಎಲ್ಲ ಸೈನ್ಸ್.

ನಿನ್ನ ಅಣ್ಣ,
ಜಟ್ಟೆಪ್ಪ

ಕೆಳಗಿನದನ್ನು ಗಟ್ಟಿಯಾಗಿ ಓದಬೇಡ. ಬುಧವಾರ ಲೆಕ್ಚರ್ ಹಾಲಿನ ಮೆಟ್ಟಿಲ ಮೇಲೆ ಕುಸಿದು ಬಿದ್ದೆ. ಬೂಟಿನ ದಾರ ಕಟ್ಟುವವನಂತೆ ನಟಿಸಿದೆ. ಗುಳಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ವಾಂತಿ. ರಸವಾದರೂ ನಿಲ್ಲುತ್ತದೆ ಅಂತ ಕುಡಿಯುತ್ತೇನೆ. ಜನವರಿ ನೆನೆದರೆ ನಿದ್ದೆ ಬರುವುದಿಲ್ಲ.

&nbsp;

ಬೈಲಹೊಂಗಲ
೧೮ ಅಕ್ಟೋಬರ್ ೧೯೫೬

ಅಣ್ಣನಿಗೆ ನಮಸ್ಕಾರ.

ಹೇಗೆ ಬರೆಯಬೇಕೋ ತಿಳಿಯದೆ ಎರಡು ಕಾಗದ ಹರಿದೆ.

ಅವ್ವ ಪಾಡ್ಯದ ದಿನ ಘಟ್ಟ ಹಾಕಿದ್ದಳು. ನಿನ್ನ ಕಾಗದ ನವರಾತ್ರಿಯ ನಡುವೆ ಬಂತು. ಹಳದಿಯ ಮಾತನ್ನು ನಾನು ಓದಬಾರದಿತ್ತು. ಅದು ಓದಬಾರದ ಭಾಗದಲ್ಲಿ ಇರಲಿಲ್ಲವಲ್ಲ ಎಂದು ಓದಿಬಿಟ್ಟೆ.

"ರಕ್ತ ಇಲ್ಲದ್ದು ಅಂತ ಬರದಾನ?"

"ಹೂಂ. ಆ ಮುದುಕ ಹಂಗ ಹೇಳಿದ್ನಂತ."

"ರಕ್ತ ಇಲ್ಲದ್ದು," ಎಂದು ಅವಳು ತನ್ನಷ್ಟಕ್ಕೆ ಅಂದಳು. "ಇಷ್ಟ ವರ್ಷ ನಾ ಕತ್ತಲ್ಯಾಗ ಇಟ್ಟೇನಿ."

ನಿನಗೆ ಗೊತ್ತಿತ್ತೇ ಅಣ್ಣ? ನನಗೆ ಗೊತ್ತಿರಲಿಲ್ಲ. ನೀನು ಹಾಸ್ಟೆಲಿಗೆ ಹೋದ ವರ್ಷದಿಂದ ಅವಳು ಘಟ್ಟವನ್ನು ನಿನ್ನ ಹೆಸರಿನಲ್ಲಿ ಹಾಕುತ್ತಾಳೆ. ಸಸಿ ಸಮನಾಗಿ ಎದ್ದರೆ ನೀನು ಚೆನ್ನಾಗಿದ್ದೀ ಎಂದು ತಿಳಿಯುತ್ತಾಳೆ. ಒಂದು ಬದಿ ಕೊಳೆತರೆ ಅಪ್ಪನನ್ನು ಧಾರವಾಡಕ್ಕೆ ಓಡಿಸುತ್ತಾಳೆ. ನಿನಗೆ ಕಾಮಣಿ ಆಗಿ ಕಣ್ಣು ಹಳದಿಯಾದ ವರ್ಷ ಅಪ್ಪ ಹೇಳದೆ ಕೇಳದೆ ಬಂದಿದ್ದು ಅದಕ್ಕೇ ಅಂತೆ.

ಅಪ್ಪ ಬಿಳಿ ಬಟ್ಟೆಯ ಗಂಟು ಹಿಡಿದು ನಾಗಪುರಕ್ಕೆ ಹೊರಟ. ಮರುದಿನ ಬೆಳಗಾಗುತ್ತಲೇ ಅವ್ವ ಘಟ್ಟವನ್ನು ಎತ್ತಿ ಹೊರಗೆ ತಂದಳು. ನಡುಮನೆಯಿಂದ ಘಟ್ಟ ಕದಲಿಸಬಾರದು. ಅವಳೇ ನಮಗೆ ಕಲಿಸಿದ್ದು. ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟು ಪಕ್ಕದಲ್ಲಿ ಕುಳಿತಳು, ಕೂಸಿಗೆ ಬಿಸಿಲು ಕಾಯಿಸಿದ ಹಾಗೆ. ಸಂಜೆಗೆ ಒಳಗೆ, ಬೆಳಿಗ್ಗೆ ಹೊರಗೆ. ಅದು ನಿಜವಾಗಿ ಹಸಿರಾಗತೊಡಗಿತು. "ನೋಡ ರಾಯಿ, ಮೈಯಾಗ ರಕ್ತಾ ಏರಾಕತ್ತೈತಿ," ಎಂದು ನನ್ನನ್ನು ಎಳೆದು ತೋರಿಸಿದಳು. ಅಷ್ಟು ಖುಷಿ ನಾನು ಅವಳ ಮುಖದ ಮೇಲೆ ನೋಡೇ ಇಲ್ಲ.

ದಸರೆಯ ದಿನ ಅವಳು ನೀರಿಗೆ ಹೋಗಿದ್ದಳು. ನಾನು ಅಂಗಳದಲ್ಲೇ ಇದ್ದೆ, ಬೆನ್ನು ಮಾಡಿ ಪಾತ್ರೆ ತಿಕ್ಕುತ್ತಿದ್ದೆ. ಪಕ್ಕದ ಮನೆಯ ಶಟ್ಟೆವ್ವನ ಆಡು ಹಗ್ಗ ಹರಿದುಕೊಂಡು ಬಂದು ಅಷ್ಟೂ ಸಸಿಯನ್ನು ಬೇರು ಸಹಿತ ಮೇಯ್ದುಬಿಟ್ಟಿತು. ನಾನು ತಿರುಗುವಷ್ಟರಲ್ಲಿ ಅದರ ಬಾಯಲ್ಲಿ ಕಡೆಯ ಎಳೆ.

ಶಟ್ಟೆವ್ವ ಓಡಿಬಂದು ಆಡಿನ ಬೆನ್ನಿಗೆ ಗುದ್ದಿ, ಅಷ್ಟರಲ್ಲಿ ನೀರು ಹೊತ್ತು ಬಂದ ಅವ್ವನನ್ನು ನೋಡಿ, "ಹಾಳಾದದ್ದ, ನಿನ್ನ ಬಾಯಾಗ ಮಣ್ಣ ಹಾಕ! ಸೀತವ್ವಾ, ನನ್ನ ಬೈ, ಎರಡ ಹೊಡಿ, ಸುಮ್ಮನ ಮಾತ್ರ ನಿಂದ್ರಬ್ಯಾಡ ಮಾರಾಯ್ತಿ," ಎಂದು ಬಾಯಿ ಬಡಿದುಕೊಂಡಳು. ಮತ್ತೆ, "ದಸರಿ ದಿನಾ ಘಟ್ಟ ಅಂಗಳಕ ಯಾರ ತರತಾರವ್ವಾ!" ಎಂದೂ ಅಂದಳು.

ಅವ್ವ ತುಂಬಿದ ಕೊಡ ಇಳಿಸಲೇ ಇಲ್ಲ. ಕೊಡ ಹೊತ್ತುಕೊಂಡೇ ಬರಿಯ ಮಣ್ಣನ್ನು ನೋಡುತ್ತ ನಿಂತಳು. ಅಂದು ಸಂಜೆ ಓಣಿಯ ಹೆಂಗಸರೆಲ್ಲ ಸಸಿ ಮುಡಿದಿದ್ದರು. ಅವಳ ತಲೆ ಬರಿದು. ಆ ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ಒತ್ತಾಯ ಮಾಡಿದರೆ ಒಂದು ತುತ್ತು ಮುರಿದು ಹಾಗೇ ಇಡುತ್ತಾಳೆ.

ನಿನ್ನ ತಂಗಿ,
ರಾಯವ್ವ

&nbsp;

ಲೀಡ್ಸ್
೨೭ ಅಕ್ಟೋಬರ್ ೧೯೫೬

ರಾಯಿ,

ಅವ್ವನಿಗೆ ಈಗಲೇ ಓದಿ ಹೇಳು. ನಾನು ಚೆನ್ನಾಗಿದ್ದೇನೆ. ಬಹಳ ಚೆನ್ನಾಗಿದ್ದೇನೆ. ದಪ್ಪಗಾಗಿದ್ದೇನೆ. ಇಲ್ಲಿಯ ಬೆಣ್ಣೆ ಬ್ರೆಡ್ಡಿಗೆ ಕೆನ್ನೆ ಕೆಂಪಾಗಿವೆ. ಒಂದು ಆಡು ಹಸಿದು ಹುಲ್ಲು ತಿಂದರೆ ಆರು ಸಾವಿರ ಮೈಲು ದೂರ ಇದ್ದವನಿಗೆ ಏನೂ ಆಗುವುದಿಲ್ಲ. ಇದು ತಿಳಿಗೇಡಿತನ. ಅಪ್ಪ ನಾಗಪುರದಿಂದ ಬಂದಿರಬೇಕು, ಅವನು ತಿಳಿಸಿ ಹೇಳಲಿ. ಉಣ್ಣು ಅಂತ ಹೇಳು. ಅವಳು ಉಂಡಳು ಎಂದು ನೀನು ಬರೆಯುವವರೆಗೆ ನನಗೆ ಓದು ಹತ್ತುವುದಿಲ್ಲ.

ನಿನ್ನ ಅಣ್ಣ,
ಜಟ್ಟೆಪ್ಪ

ಇದು ನಿನಗೆ. ಬಿಸಿಲಿಗೆ ಇಡಲಿ ಅಂತ ಬರೆದದ್ದು ನಾನೇ. ಓದಿದ ಹುಡುಗ ಅಂತ ತೋರಿಸಿಕೊಳ್ಳಬೇಕಿತ್ತು. ನಿನ್ನ ಕಾಗದ ಬಂದ ದಿನ ತಾಟಿನ ಮುಂದೆ ಕತ್ತರಿ ಹಿಡಿದು ನಿಂತೆ, ಕೊಯ್ಯಲು ಕೈ ಬರಲಿಲ್ಲ. ಯಾರ ಹೆಸರಿನ ಸಸಿ ಇದು ಎಂದು ಅನಿಸಿತು. ಮೊನ್ನೆ ಮತ್ತೊಮ್ಮೆ ರಕ್ತ ತೆಗೆದರು. ಕೂದಲೆಳೆಯಷ್ಟೂ ಏರಿಲ್ಲ.

&nbsp;

ಬೈಲಹೊಂಗಲ
೯ ನವೆಂಬರ್ ೧೯೫೬

ಅಣ್ಣನಿಗೆ ನಮಸ್ಕಾರ.

ನಿನ್ನ ಕಾಗದ ಓದಿದೆ. "ದಪ್ಪಗಾಗಿದ್ದೇನೆ" ಎಂದಾಗ ಅವ್ವ ನಕ್ಕಳು. ಒಳ್ಳೆಯ ನಗು ಅಲ್ಲ.

"ಮುಂದ ಓದು."

"ಮುಗೀತಬೇ."

"ಮುಗದಿಲ್ಲ. ನಿನ್ನ ಕಣ್ಣ ಕೆಳಗ ಇಳ್ಯಾಕತ್ತಿತ್ತು, ಬಾಯಿ ನಿಂತಿತ್ತು. ಹ್ವಾದ ಸಲಾನೂ ಹಂಗಽ ಮಾಡಿದಿ. ಅಕ್ಷರಾ ನನಗ ಬರೂದಿಲ್ಲ, ಕಣ್ಣ ಬರತಾವ."

ನಾನು ಇಲ್ಲ ಎಂದು ಆಣೆ ಮಾಡಿದೆ. ಅವಳ ತಲೆ ಮುಟ್ಟಿ ಆಣೆ ಮಾಡಿದೆ ಅಣ್ಣ. ಆ ಕೈಯಿಂದ ಈಗ ಇದನ್ನು ಬರೆಯುತ್ತಿದ್ದೇನೆ.

ಒಂದನೆಯ ತಾರೀಖಿಗೆ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಸಾಲಿಯಲ್ಲಿ ಪೇಡೆ ಹಂಚಿದರು. ನನ್ನದನ್ನು ಅವ್ವನಿಗೆ ತಂದುಕೊಟ್ಟೆ. ಇರುವೆ ಹತ್ತುವವರೆಗೂ ಗೂಡಿನಲ್ಲಿ ಹಾಗೇ ಇತ್ತು. ಮರುದಿನ ನಳದ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದಳು. ಶಟ್ಟೆವ್ವನೇ ಹೊತ್ತುಕೊಂಡು ಬಂದಳು. ಅಪ್ಪ ಡಾಕ್ಟರನ್ನು ಕರೆತಂದ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಅಪ್ಪ ನಾಗಪುರದಿಂದ ಬೇರೆ ಮನುಷ್ಯನಾಗಿ ಬಂದಿದ್ದಾನೆ. ದನಿ ಏರಿಸುವುದಿಲ್ಲ. ಅವಳ ಕಾಲ ಬಳಿ ಕುಳಿತು, "ಸೀತಾ, ದೇವಿ ಇಲ್ಲ ಅಂತ ಲಕ್ಷಗಟ್ಟಲೆ ಮಂದ್ಯಾಗ ನಿಂತ ನಾ ಮಾತ ಕೊಟ್ಟ ಬಂದೇನಿ. ಆದ್ರ ಅನ್ನಾ ಬಿಟ್ಟ ಮಲಗಿದ ಹೇಂತಿ ಅದಾಳಲ್ಲ, ಆಕಿನ್ನ ಇಲ್ಲ ಅಂತ ಹ್ಯಾಂಗ ಅನ್ನಲಿ? ಏನ ಬೇಕ ನಿನಗ ಹೇಳ," ಎಂದ.

"ಹುಡುಗ ಹ್ಯಾಂಗದಾನ ಅಂತ ಖರೇ ಹೇಳ್ರಿ, ಉಣ್ಣತೇನಿ."

"ಚಂದ ಅದಾನಂತ ಬರದಾನಲ್ಲ."

"ಕಾಗದ ಸುಳ್ಳ ಹೇಳತೈತಿ. ಸಸಿ ಹೇಳೂದಿಲ್ಲ."

ಅಪ್ಪ ನನ್ನ ಮುಖ ನೋಡಿದ. ನಾನು ಹೊರಗೆ ಹೋಗಿ ಅತ್ತೆ. ಅಣ್ಣ, ಹೇಳಿದರೆ ಎದೆ ಒಡೆದುಕೊಳ್ಳುತ್ತಾಳೆ, ದೇವಿಯೇ ಮುನಿದಳು ಎನ್ನುತ್ತಾಳೆ. ಹೇಳದಿದ್ದರೆ ಹೀಗೇ ಒಣಗುತ್ತಾಳೆ. ನೀನು ಓದಿದವನು, ಏನು ಮಾಡಬೇಕು ಹೇಳು. ನನ್ನ ಭೂಗೋಳದ ಪುಸ್ತಕದಲ್ಲಿ ಇನ್ನು ಹಾಳೆ ಬಚ್ಚಿಡಲು ನನ್ನಿಂದಾಗದು.

ರಾಯವ್ವ

&nbsp;

ಲೀಡ್ಸ್
೧೯ ನವೆಂಬರ್ ೧೯೫೬

ಅವ್ವಾ,

ಇದು ನಿನಗೆ ಬರೆದದ್ದು. ರಾಯಿ ಒಂದು ಅಕ್ಷರ ಬಿಡದೆ ಓದುತ್ತಾಳೆ. ಈ ಕಾಗದದಲ್ಲಿ ಬೇರೆ ಹಾಳೆ ಇಲ್ಲ, ಅವಳ ಕಣ್ಣು ನೋಡುತ್ತ ಕೇಳು.

ನನ್ನ ಮೈಯಲ್ಲಿ ರಕ್ತ ಕಡಿಮೆ ಇದೆ. ನಾನು ದಪ್ಪಗಾಗಿಲ್ಲ. ಇಲ್ಲಿಗೆ ಬಂದ ವಾರದಲ್ಲೇ ಡಾಕ್ಟರು ಹೇಳಿದರು, ಇದು ಬಹಳ ವರ್ಷದ್ದು, ಬೆಳೆಯುವಾಗಿನಿಂದ ಇದ್ದದ್ದು ಅಂತ. ಘಟ್ಟವನ್ನು ಆಡು ತಿನ್ನುವ ಮೊದಲೇ ಇತ್ತು. ನೀನು ಬಿತ್ತುವ ಮೊದಲೇ ಇತ್ತು. ನಿನ್ನ ದೇವಿಯ ಸಿಟ್ಟಿನಿಂದ ಬಂದದ್ದಲ್ಲ, ಶಟ್ಟೆವ್ವನ ಆಡಿನಿಂದ ಬಂದದ್ದಲ್ಲ. ಗುಳಿಗೆ ನುಂಗುತ್ತಿದ್ದೇನೆ. ಜನವರಿಯಲ್ಲಿ ಮತ್ತೆ ನೋಡುತ್ತಾರೆ. ಏರಿರದಿದ್ದರೆ ಊರಿಗೆ ಕಳಿಸುತ್ತಾರೆ. ಅಪ್ಪನ ತಲೆ ತಗ್ಗುತ್ತದೆ ಅಂತ ಹೆದರಿ ಮುಚ್ಚಿಟ್ಟೆ.

ರಾಯಿಯ ಈ ಸಲದ ಕಾಗದ ಬರುವ ಮೊದಲೇ, ಆಡಿನ ಸುದ್ದಿ ಬಂದ ಮೇಲೆ, ನಾನು ಕೊಯ್ಯುವುದನ್ನು ಬಿಟ್ಟಿದ್ದೆ. ರಸ ಕುಡಿದಿಲ್ಲ. ಹೊಸ ತಾಟು ಹಾಕಿದೆ, ನಿನ್ನ ಹೆಸರಿನಲ್ಲಿ. ಮಂತ್ರ ನನಗೆ ಗೊತ್ತಿಲ್ಲ, ಸುಮ್ಮನೆ "ನಮ್ಮ ಅವ್ವಂದು" ಎಂದು ಬಿತ್ತಿದೆ. ಅರ್ಧ ತಾಟನ್ನು ಬಿಸಿಲಿಗೆ ಬಿಟ್ಟೆ. ಇನ್ನರ್ಧಕ್ಕೆ ನನ್ನ ಟೊಪ್ಪಿಗೆ ಮುಚ್ಚಿದೆ, ನೀನು ಬುಟ್ಟಿ ಮುಚ್ಚುತ್ತಿದ್ದ ಹಾಗೆ. ಚಳಿ ಇದ್ದರೂ ಎರಡೂ ಬದಿ ಸಮನಾಗಿ ಎದ್ದವು. ಮಿಸ್ಟರ್ ಹೋಲ್ಡನ್ ಬಂದು ಟೊಪ್ಪಿಗೆ ಎತ್ತಿ ನೋಡಿ, ಮತ್ತೆ ಮುಚ್ಚಿ ಹೋದರು. ಹಳದಿಯನ್ನು ರೋಗಿಷ್ಟ ಅಂದದ್ದು ತಪ್ಪಾಯಿತು. ಅದು ನಿಜವಾಗಿ ಬಂಗಾರದ ಹಾಗೇ ಇದೆ.

ಮಡಚಿ ಅಂಟಿಸುವ ಏರ್ ಲೆಟರಿನಲ್ಲಿ ಬೇರೇನೂ ಇಡಗೊಡುವುದಿಲ್ಲ. ಅದಕ್ಕೇ ಲಕೋಟೆ. ಶಾಯಿ ಹೀರುವ ಒತ್ತುಕಾಗದದ ನಡುವೆ ಎರಡೂ ಬಗೆಯ ಸಸಿ ಇವೆ, ಬೇರು ಸಹಿತ. ಕತ್ತರಿ ತಾಗಿಸಿಲ್ಲ. ಹಡಗುಗಳು ಹಾಯುವ ಕಾಲುವೆಯಲ್ಲಿ ಯುದ್ಧ ಆಗಿದೆ, ವಿಮಾನದಲ್ಲಿ ಹೋದರೂ ಎಂದು ಮುಟ್ಟುತ್ತದೋ. ಮುಟ್ಟುವಾಗ ಒಣಗಿರುತ್ತದೆ, ಕೊಳೆತಿರುವುದಿಲ್ಲ.

ಸಸಿ ಸುಳ್ಳು ಹೇಳುವುದಿಲ್ಲ ಅಂದೆಯಂತೆ. ನೋಡು. ನೋಡಿ ಉಣ್ಣು ಅವ್ವಾ.

ನಿನ್ನ ಮಗ,
ಜಟ್ಟೆಪ್ಪ

&nbsp;

ಬೈಲಹೊಂಗಲ
೨ ಡಿಸೆಂಬರ್ ೧೯೫೬

ಅಣ್ಣನಿಗೆ ನಮಸ್ಕಾರ.

ಲಕೋಟೆ ಮೊನ್ನೆ ಶುಕ್ರವಾರ ಮುಟ್ಟಿತು. ಅಪ್ಪ ಮನೆಯಲ್ಲಿದ್ದ. ಅವ್ವ ಹಾಸಿಗೆಯಲ್ಲೇ ಒರಗಿ ಕುಳಿತಿದ್ದಳು. ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೊದಲು ಒತ್ತುಕಾಗದ ಬಿಡಿಸಿದಳು. ಮಡಿಲಲ್ಲಿ ಹರವಿ, ಒಂದೊಂದೇ ಎಳೆಯ ಬುಡ ಹಿಡಿದು ನೋಡಿದಳು. ಬೇರು ನೋಡಿದಳು. ಮೂಸಿದಳು. ಎಷ್ಟು ಹೊತ್ತು ಎಂದರೆ ಅಪ್ಪ ತಡೆಯಲಾಗದೆ ಬೀಡಿ ಹಚ್ಚಿದ.

"ಈಗ ಓದು," ಎಂದಳು.

ಓದಿದೆ. ಅವಳು ನನ್ನ ಕಣ್ಣು ಬಿಟ್ಟು ಬೇರೆ ಕಡೆ ನೋಡಲಿಲ್ಲ. "ದಪ್ಪಗಾಗಿಲ್ಲ" ಎಂದಲ್ಲಿ ಅಪ್ಪ ಬೀಡಿ ಎಸೆದು ಎದ್ದು ನಿಂತ. ಅವ್ವ ಅಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಅಳಲಿಲ್ಲ.

"ನನಗ ಗೊತ್ತಿತ್ತು," ಎಂದಳು.

"ಯಾರ ಹೇಳಿದ್ರು?" ಎಂದ ಅಪ್ಪ. ನನ್ನ ಕಡೆ ಕೆಕ್ಕರಿಸಿ ನೋಡಿದ.

"ಅವನಽ ಹೇಳ್ಯಾನ. ಮೊದಲನೇ ಕಾಗದದಾಗ. ಸಣ್ಣಾಂವ ಇದ್ದಾಗ ಸಾರಿನ್ಯಾಗ ಒಂದ ಕೊತ್ತಂಬರಿ ಎಲಿ ತೇಲಿದ್ರ ಗಂಗಾಳ ದೂಡಿ ಎದ್ದ ಹೋಗ್ತಿದ್ದ. ಹೊಡದ್ರೂ ತಿಂತಿದ್ದಿಲ್ಲ. ಅಂಥಾಂವ ಗ್ಲಾಸ ತುಂಬ ಹುಲ್ಲ ಹಿಂಡಿ ಕುಡಿತೇನಿ, ಕೊತ್ತಂಬರಿ ದಂಟಿನಂಗ ಐತಿ ಅಂತ ಬರದ್ರ ಮೈಯಾಗ ಏನರ ಆಗಿರಬೇಕು. ಸುಖಕ್ಕ ಯಾರ ಕುಡಿತಾರ ಅದನ?"

ಅಪ್ಪ ಗೋಡೆಗೆ ಕೈ ಕೊಟ್ಟು ನಿಂತ. "ಮತ್ತ ನಮಗ ಯಾಕ ಹೇಳಲಿಲ್ಲ ನೀ?"

"ನೀವು ಯಾರ ನನಗ ಹೇಳಿದ್ರಿ? ಅದಕ್ಕಽ ಘಟ್ಟ ಬಿಸಲಿಗೆ ಇಟ್ನಿ. ಬೆಳಕಿಗೆ ಇಟ್ರ ರಕ್ತಾ ಏರತೈತಿ ಅಂತ ಅವನಽ ಬರದಿದ್ದ. ಅವನ ಹೆಸರಿನ ಸಸಿ, ಅದಕ್ಕರ ಏರಲಿ ಅಂದ್ನಿ." ಆಮೇಲೆ ಸಣ್ಣ ದನಿಯಲ್ಲಿ, "ಏರಿತ್ತು. ಆಡ ತಿಂತು," ಎಂದಳು. ಆಗ ಅತ್ತಳು. ಅಪ್ಪನೂ ಅತ್ತ. ನಾನು ಅದನ್ನು ಎಂದೂ ನೋಡಿರಲಿಲ್ಲ.

ಅತ್ತಾದ ಮೇಲೆ ಅವಳು ಬಾಚಣಿಕೆ ಕೇಳಿದಳು. ಹಳದಿ ಎಳೆಗಳನ್ನು ತನ್ನ ತುರುಬಿಗೆ ಸಿಗಿಸಿದಳು. ಹಸಿರಿನದನ್ನು ಹಿಡಿದು ಅಪ್ಪನ ಕಡೆ ನೋಡಿದಳು, ಕೊಡಲು ಧೈರ್ಯ ಸಾಲದೆ ಹಾಗೇ ಹಿಡಿದಿದ್ದಳು. ಅಪ್ಪ ಗೂಟದ ಮೇಲಿನ ಪಟಗಾ ತೆಗೆದು ಅವಳ ಮುಂದೆ ಬಾಗಿದ.

"ದೇವರದಲ್ಲ ಇದು, ನಮ್ಮ ಹುಡುಗಂದು. ಸಿಗಸು," ಎಂದ. "ಆದ್ರ ಮೊದಲ ಉಣ್ಣು."

ಅವಳು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಉಂಡಳು. ಪೂರ್ತಿ ಅಲ್ಲ, ಅರ್ಧಕ್ಕಿಂತ ಸ್ವಲ್ಪ ಮೇಲೆ. ಅಪ್ಪ ಅದೇ ಪಟಗಾ ಸುತ್ತಿಕೊಂಡು ಜಿನ್ನಿಗೆ ಹೋದ. ಅಲ್ಲಿ ದುಂಡಪ್ಪ ಕಾಕಾ, "ಏನೋ ಲಗಮಾ, ದೇವರ ಬಿಟ್ಟೇನಿ ಅಂದಿ, ದಸರಿ ಮುಗದ ಮ್ಯಾಲ ಸಸಿ ಇಟಗೊಂಡ ಬಂದೀಯಲ್ಲೋ?" ಎಂದು ಕಾಡಿದನಂತೆ. "ನಮ್ಮದು ವಿಲಾಯಿತಿಯಿಂದ ಬರಬೇಕಲ್ಲೋ, ತಡಾ ಆತು," ಎಂದನಂತೆ ಅಪ್ಪ.

ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ಅವ್ವ ಇನ್ನೂ ಗೋಡೆ ಹಿಡಿದೇ ನಡೆಯುತ್ತಾಳೆ. ಡಾಕ್ಟರು ನಿನ್ನೆ ಬಂದು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ಇವಳಿಗೂ ರಕ್ತವಿಲ್ಲ, ಇವತ್ತು ನಿನ್ನೆಯದಲ್ಲ ಎಂದರು. ಗುಳಿಗೆ ಕೊಟ್ಟಿದ್ದಾರೆ. ನಿನಗೆ ಕೊಟ್ಟದ್ದೇ ಇರಬಹುದು, ಇದೂ ಕಬ್ಬಿಣದ್ದು. ಅವಳಿಗೂ ವಾಂತಿ ಬರುತ್ತದೆ. ಊಟ ಆದ ಮೇಲೆ ನುಂಗಿದರೆ ನಿಲ್ಲುತ್ತದೆ. ನೀನೂ ಹಾಗೇ ಮಾಡು. ಜನವರಿಯಲ್ಲಿ ಏನು ಬಂದರೂ ಎಲ್ಲರಿಗೂ ಸೇರಿಸಿ ಬರೆ. "ತಿರುಗಿ ಬಂದ್ರ ಬರಲಿ, ನನ್ನ ತಲಿ ಏನೂ ತಗ್ಗೂದಿಲ್ಲ" ಎಂದು ಅಪ್ಪ ಬರೆಸಿದ್ದಾನೆ. ಹೇಳುವಾಗ ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದ.

ಅವ್ವ ಡಾಲ್ಡಾ ಡಬ್ಬಿಯಲ್ಲಿ ಮಣ್ಣು ತುಂಬಿ ಮತ್ತೆ ಗೋಧಿ ಹಾಕಿದ್ದಾಳೆ. ಕೊಡ ಇಲ್ಲ, ದೀಪ ಇಲ್ಲ, ನವರಾತ್ರಿಯೂ ಅಲ್ಲ. ಮಾಡಿನ ಜಂತಿಗೆ ಹಗ್ಗ ಕಟ್ಟಿ, ಬಿಸಿಲು ಬೀಳುವಲ್ಲಿ ತೂಗುಹಾಕಿಸಿದ್ದಾಳೆ. ಶಟ್ಟೆವ್ವನ ಆಡು ಕೆಳಗೆ ನಿಂತು ಕತ್ತೆತ್ತಿ ನೋಡುತ್ತದೆ.

ಇನ್ನು ಮುಂದಿನದು ಅವ್ವ ಹೇಳಿದ್ದು. ಅವಳ ಬಾಯಿಂದ ಬಂದ ಹಾಗೆಯೇ ಬರೆ ಎಂದಿದ್ದಾಳೆ, ಬರೆದಿದ್ದೇನೆ.

"ಜಟ್ಯಾ, ಎಷ್ಟ ದಿನಾ ಕುಡೀದ ಇದ್ದೀಯೋ ಹುಚ್ಚ ನನ್ನ ಮಗನ. ನನ್ನ ಹೆಸರೀಲೆ ಹಾಕೀದಿ ಅಂತ ಸಸಿ ನೋಡಕೋತ ಕುಂದ್ರಬ್ಯಾಡ. ಗುಳಗಿ ನುಂಗು, ಸಸಿ ರಸಾನೂ ಕುಡಿ. ಕತ್ತರಿ ಹಚ್ಚಾಕ ಕೈ ನಡಗಿದ್ರ ನನ್ನ ನೆನಸು. ಪಾಪ ಬಂದ್ರ ನನಗ ಬರಲಿ. ಕೊಯ್ದಾಕಿ ನಾನು, ಕುಡದಾಂವ ನೀನು."

ನಿನ್ನ ತಂಗಿ,
ರಾಯವ್ವ